ಹುಟ್ಟಿದ್ದೇ ಅಪರಾಧ: ಅಂಥವರು 1.3 ಕೋಟಿ!

ಒಬ್ಬನನ್ನು ಅಪರಾಧಿ ಎಂದು ಸಾಬೀತುಪಡಿಸಲು ಎಫ್‌ಐಆರ್ ಬೇಕು, ಸಾಕ್ಷಿ ಬೇಕು, ವಕೀಲರು ಬೇಕು, ವರ್ಷಗಟ್ಟಲೆ ವಾಯಿದೆ ಬೇಕು. ಇಡೀ ಸಮುದಾಯವನ್ನು ತೊಟ್ಟಿಲ ಕೂಸಿನ ಸಮೇತ ಅಪರಾಧಿಯಾಗಿಸಲು ಬ್ರಿಟಿಷ್ ಸಾಮ್ರಾಜ್ಯಕ್ಕೆ ಬೇಕಾಗಿದ್ದು ಒಂದೇ ಒಂದು ಅಧಿಸೂಚನೆ! 1871ರ ಅಕ್ಟೋಬರ್ 12ರಂದು ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೊರಬಿತ್ತು. ಆ ಅಧಿಸೂಚನೆ ಸರಿಯೇ ಎಂದು ಯಾವ ಕೋರ್ಟೂ ಕೇಳುವಂತಿಲ್ಲ ಎಂಬುದನ್ನೂ ಕಾಯ್ದೆಯೊಳಗೇ ಬರೆದಿಟ್ಟಿದ್ದರು. ಬೇಕಾದ ಸಾಕ್ಷಿಗಳ ಸಂಖ್ಯೆ: ಸೊನ್ನೆ.

ಅಹಮದಾಬಾದಿನ ಛಾರಾ ಜನರೂ ಆ ಬಲೆಗೆ ಬಿದ್ದವರೇ. ಊರೂರು ತಿರುಗುತ್ತಿದ್ದವರನ್ನು ಹಿಡಿದು ತಂದು ‘ಸೆಟ್ಲ್‌ಮೆಂಟ್’ ಎಂಬ ಕಾವಲಿನ ಕೇರಿಯೊಳಗೆ ಕೂಡಿಹಾಕಿದರು. ಹೊರಗೆ ಕಾಲಿಡಲು ಪಾಸು, ಒಳಗಿದ್ದರೆ ಹಾಜರಿ. ಅವರೇ ಇಂದಿನ ಛಾರಾನಗರದವರು. ಇದು ಗುಜರಾತಿನ ಕತೆ ಮಾತ್ರ ಅಂದುಕೊಳ್ಳಬೇಡಿ. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲೂ ಸೆಟ್ಲ್‌ಮೆಂಟ್‌ಗಳಿದ್ದವು, ಆ ಹೆಸರು ಜನರ ಬಾಯಲ್ಲಿ ಇನ್ನೂ ಇದೆ. ಅಲೆಮಾರಿಗಳನ್ನು ಒಂದೆಡೆ ನೆಲೆಯೂರಿಸಿ ‘ಸಭ್ಯ’ರನ್ನಾಗಿಸುವ ಈ ಕೆಲಸಕ್ಕೆ ಅಧಿಕಾರಿಗಳು ಇಟ್ಟ ಹೆಸರು ಸುಧಾರಣೆ! 1897ರ ತಿದ್ದುಪಡಿಯಂತೂ ಹುಡುಗರನ್ನು ತಂದೆತಾಯಿಯಿಂದ ಬೇರ್ಪಡಿಸಿ ಪ್ರತ್ಯೇಕ ವಸತಿಗಳಲ್ಲಿಡಲು ಅವಕಾಶ ಕೊಟ್ಟಿತು. ಎಷ್ಟು ವಯಸ್ಸಿನಿಂದ? 4 ವರ್ಷದಿಂದ. ಎಲ್‌ಕೆಜಿಗೆ ಸೇರುವ ವಯಸ್ಸು.

ಈಗ ಲೆಕ್ಕ ದೊಡ್ಡದಾಗುತ್ತದೆ. ಸ್ವಾತಂತ್ರ್ಯ ಬಂದಾಗ ಈ ಕಾಯ್ದೆಯ ನೆರಳಿನಲ್ಲಿದ್ದದ್ದು 127 ಸಮುದಾಯಗಳು, ಸುಮಾರು 1.3 ಕೋಟಿ ಜನ ಎಂಬುದು ಬಹುತೇಕರು ಉಲ್ಲೇಖಿಸುವ ಅಂದಾಜು. 1.3 ಕೋಟಿ ಎಂದರೆಷ್ಟು? ಅಹಮದಾಬಾದಿನ ಮೊಟೇರಾದಲ್ಲಿ 1,32,000 ಮಂದಿ ಕೂರುವ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಮೈದಾನವಿದೆಯಲ್ಲ, ಅದು 98 ಸಲ ಭರ್ತಿಯಾಗಬೇಕು! ಸಾಲದೇ? 2011ರ ಜನಗಣತಿಯ ಅಹಮದಾಬಾದ್, ಸೂರತ್, ವಡೋದರಾ ಮೂರೂ ನಗರಗಳ ಅಷ್ಟೂ ಜನರನ್ನು ಸೇರಿಸಿ, ಸುಮಾರು 1.17 ಕೋಟಿ. ಸಾಲಲಿಲ್ಲ. ಇಡೀ ಹುಬ್ಬಳ್ಳಿ-ಧಾರವಾಡವನ್ನು ತಂದು ಸುರಿಯಿರಿ. ಆಗಲೂ ಮೂರು ಲಕ್ಷಕ್ಕಿಂತ ಹೆಚ್ಚು ಕಡಿಮೆ ಬೀಳುತ್ತದೆ!

ಎಲ್ಲರ ಹೆಸರೂ ಪೊಲೀಸ್ ರಿಜಿಸ್ಟರಿಗೆ ಏರಿರಲಿಲ್ಲ, ನಿಜ. ಏರಿದ್ದರೆ? ಹೆಸರಿಗೆ ಎರಡು ಸೆಕೆಂಡಿನಂತೆ ಹಗಲೂ ರಾತ್ರಿ ಕೂಗುತ್ತಾ ಹೋದರೂ ಒಂದು ಸಲದ ಹಾಜರಿ ಮುಗಿಯಲು 300 ದಿನ!

ಇದೆಲ್ಲ ನಡೆದದ್ದು ಎಷ್ಟು ಕಾಲ? ದೇಶದಾದ್ಯಂತ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅಷ್ಟರಲ್ಲಿ 29,543 ದಿನ ಕಳೆದಿದ್ದವು. ಅಜ್ಜ ಅಪರಾಧಿ, ಅಪ್ಪ ಅಪರಾಧಿ, ಮಗ ಅಪರಾಧಿ, ಮೊಮ್ಮಗನೂ ಅಪರಾಧಿ. ಕದ್ದವರು ಯಾರು ಎಂದು ಮಾತ್ರ ಕೇಳಬೇಡಿ! ಕೆಲವು ಪ್ರಾಂತ್ಯಗಳು ಮೊದಲೇ ಕೈಬಿಟ್ಟಿದ್ದವು, ಆದರೆ ಉಳಿದವರು ಸ್ವಾತಂತ್ರ್ಯ ಬಂದ ಮೇಲೂ ಕಾಯಬೇಕಾಯಿತು. 1947ರ ಆಗಸ್ಟ್ 15ರಿಂದ ಲೆಕ್ಕ ಹಾಕಿ: 1,843 ದಿನ.

ಇನ್ನೂ ದೊಡ್ಡ ಸಂಖ್ಯೆ ಬೇಕೇ? ವಿಮುಕ್ತ (ಅಂದರೆ ಈ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ), ಅಲೆಮಾರಿ ಮತ್ತು ಅರೆಅಲೆಮಾರಿ ಸಮುದಾಯಗಳ ಜನ ಒಟ್ಟು 10 ಕೋಟಿಗೂ ಹೆಚ್ಚು ಎಂದು, ಅವರಿಗಾಗಿಯೇ ನೇಮಕವಾದ ರೇಣಕೆ ಆಯೋಗ 2008ರಲ್ಲಿ ಅಂದಾಜಿಸಿತು. ಇದು ಜರ್ಮನಿಯ ಜನಸಂಖ್ಯೆಯನ್ನೂ ಮೀರಿದ್ದು. ಅರ್ಧ ಮೀಟರಿಗೊಬ್ಬರಂತೆ ಸಾಲು ನಿಂತರೆ ಭೂಮಿಯನ್ನು ಪೂರ್ತಿ ಒಂದು ಸುತ್ತು ಸುತ್ತಿ, ಎರಡನೇ ಸುತ್ತಿನ ಕಾಲುಭಾಗವನ್ನೂ ತುಂಬುತ್ತಾರೆ! ಇಷ್ಟು ದೊಡ್ಡ ಸಾಲು ನಮ್ಮ ಕಣ್ಣಿಗೆ ಬೀಳದೇ ಇರುವುದೇ ಒಂದು ದಾಖಲೆ.

ಈ ಜನರ ಪರವಾಗಿ ದನಿಯೆತ್ತಲು 1998ರಲ್ಲಿ ವಡೋದರಾದಲ್ಲಿ ಲೇಖಕರಾದ ಮಹಾಶ್ವೇತಾ ದೇವಿ, ಲಕ್ಷ್ಮಣ ಗಾಯಕವಾಡ ಮತ್ತು ಮುಂದೆ ನಮ್ಮ ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿ ಒಂದಾದರು. ಅದೇ ವರ್ಷ ಪಶ್ಚಿಮ ಬಂಗಾಳದಲ್ಲಿ ಪೊಲೀಸರು ಬಂಧಿಸಿದ ಬಳಿಕ ಕಸ್ಟಡಿಯಲ್ಲಿ ಸತ್ತ, ವಿಮುಕ್ತ ಸಮುದಾಯದ ಬುಧನ್ ಶಬರನ ಹೆಸರಿನಲ್ಲಿ ಛಾರಾನಗರದ ಹುಡುಗರು ‘ಬುಧನ್ ಥಿಯೇಟರ್’ ಕಟ್ಟಿ ಬೀದಿ ನಾಟಕಕ್ಕಿಳಿದರು.

ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಂತೆ ನೋಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಿದ್ದು 2024ರ ಅಕ್ಟೋಬರ್ 3ರಂದು. ಕಾಯ್ದೆ ಬಂದು ಆಗ 153 ವರ್ಷ ತುಂಬಲು 9 ದಿನ ಬಾಕಿಯಿತ್ತು.