ಅಳಿಸಿದ್ರೂ ಹೊಳ್ಳಿ ಬರುವ ಚೆಕ್ ಎಂಜಿನ್ ಲೈಟ್: ಗ್ಯಾರೇಜಿಗೆ ಹೋಗೋ ಮೊದಲು ತಿಳಿದಿರಬೇಕಾದ್ದು

ಕದರಮಂಡಲಗಿ (ಬ್ಯಾಡಗಿ ತಾ.): ಶನಿವಾರ ಬಂತೆಂದರೆ ಕಾಂತೇಶಸ್ವಾಮಿ ಗುಡಿ ಮುಂದೆ ಕಾರುಗಳ ಸಾಲು. ಇಲ್ಲಿ ಕಾಂತೇಶ, ಸಾತೇನಹಳ್ಳಿಯಲ್ಲಿ ಶಾಂತೇಶ, ಶಿಕಾರಿಪುರದಲ್ಲಿ ಭ್ರಾಂತೇಶ. ಈ ಮೂರೂ ಹನುಮಂತದೇವರ ದರ್ಶನ ಒಂದೇ ದಿನದಲ್ಲಿ ಮುಗಿಸಬೇಕೆಂದು ಹೊರಟವರಿಗೆ ದಾರಿ ಮಧ್ಯೆ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ಗುರುತು ಹತ್ತಿದರೆ ಗಾಬರಿ. ಮುಂದೆ ಹೋಗೋದೋ, ಇಲ್ಲೇ ನಿಲ್ಲೋದೋ?

ಊರಿನ ಗಾಡಿಗಳದ್ದು ಬೇರೆಯದೇ ಕಥೆ. ಅಲ್ಲಿ ಗಾಬರಿ ಇಲ್ಲ, ಬೇಸರ. ಗ್ಯಾರೇಜಿಗೆ ಒಯ್ದರೆ ಸ್ಕ್ಯಾನರ್ ಹಚ್ಚಿ, ‘ಏನೂ ಆಗಂಗಿಲ್ರಿ, ಸೆನ್ಸರ್ ಕಂಪ್ಲೇಂಟ್, ಅಳಿಸೇನಿ’ ಅಂತಾರೆ. ಲೈಟ್ ಆರುತ್ತದೆ, ದುಡ್ಡು ಕೊಟ್ಟು ಬರೋದು. ಮೂರ್ನಾಲ್ಕು ದಿನ ಸುಮ್ಮನಿದ್ದು ಮತ್ತೆ ಅದೇ ಲೈಟ್. ಹೀಗೆ ಎರಡು ಮೂರು ಸಲ ಆದ ಮೇಲೆ ಬಹಳ ಮಂದಿ ಆ ಲೈಟ್ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಸಾವಿರ ರೂಪಾಯಿಯ ಕೆಲಸ ಹತ್ತಾರು ಸಾವಿರಕ್ಕೆ ಬೆಳೆಯುವುದು ಇಲ್ಲಿಂದಲೇ.

ಲೈಟ್ ತಕ್ಷಣ ಬರದೆ ಮೂರ್ನಾಲ್ಕು ದಿನ ಬಿಟ್ಟು ಯಾಕೆ ಬರುತ್ತದೆ ಅನ್ನೋದು ಗೊತ್ತಾದರೆ ಅರ್ಧ ಸಮಸ್ಯೆ ಬಿಡಿಸಿದಂತೆ.

ಲೈಟಿನ ಲೆಕ್ಕಾಚಾರ

ಈ ಲೈಟಿನ ಹಿಂದೆ ಇರೋದು ಒಬಿಡಿ ಅನ್ನುವ ವ್ಯವಸ್ಥೆ. ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಮಾಲಿನ್ಯ ತಡೆಯಲು ಶುರುವಾದ ನಿಯಮವಿದು. ಅಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಎರಡನೇ ತಲೆಮಾರಿನ ಒಬಿಡಿ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಗಾಡಿಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಈ ತಪಾಸಣೆ ಇನ್ನೂ ಬಿಗಿಯಾಗಿದೆ. ‘ಹಳೇ ಗಾಡೀಲಿ ಈ ಕಾಟ ಇರ್ಲಿಲ್ಲ’ ಅನ್ನೋ ಮಾತು ಸುಳ್ಳಲ್ಲ. ಆಗಲೂ ಗಾಡಿ ಕೆಡುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೇ.

ಹೊಗೆಗೆ ಸಂಬಂಧಿಸಿದ ಬಹಳಷ್ಟು ದೋಷಗಳನ್ನು ಗಾಡಿಯ ಕಂಪ್ಯೂಟರ್ ಒಂದೇ ಸಲಕ್ಕೆ ನಂಬುವುದಿಲ್ಲ. ಮೊದಲ ಓಟದಲ್ಲಿ ದೋಷ ಕಂಡರೆ ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಟಗಳಲ್ಲೂ ಅದೇ ಕಂಡರೆ ಆಗ ಲೈಟ್ ಹಚ್ಚುತ್ತದೆ. ಇಲ್ಲಿ ಓಟ ಅಂದರೆ ಎಂಜಿನ್ ಸ್ಟಾರ್ಟ್ ಮಾಡಿ, ಪರೀಕ್ಷೆಗೆ ಬೇಕಾದಷ್ಟು ಓಡಿಸಿ, ಬಂದ್ ಮಾಡೋದು. ಕೆಲವು ಪರೀಕ್ಷೆಗೆ ಎಂಜಿನ್ ಪೂರ್ತಿ ಬಿಸಿಯಾಗಬೇಕು, ಕೆಲವಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ದೂರ ಹೋಗಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತಲೇ ಓಡುವ ಗಾಡಿಯಲ್ಲಿ ಈ ಪರೀಕ್ಷೆ ಮುಗಿಯಲು ದಿನಗಟ್ಟಲೆ ಬೇಕು. ಸ್ಕ್ಯಾನರ್‌ನಲ್ಲಿ ಅಳಿಸಿದಾಗ ದೋಷ ಹೋಗಲಿಲ್ಲ, ದೋಷದ ಬರಹ ಹೋಯಿತು. ಕಂಪ್ಯೂಟರ್ ಹೊಸದಾಗಿ ಪರೀಕ್ಷೆ ಬರೆದು ಮತ್ತೆ ಅದೇ ಫಲಿತಾಂಶ ಕೊಡುವಷ್ಟರಲ್ಲಿ ಮೂರ್ನಾಲ್ಕು ದಿನ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದೋಷ ನಿಜಕ್ಕೂ ಸರಿಯಾಗಿದ್ದರೆ ಲೈಟನ್ನು ಯಾರೂ ಅಳಿಸಬೇಕಾಗಿಲ್ಲ. ಸಾಮಾನ್ಯವಾಗಿ ಸತತ ಮೂರು ಓಟದಲ್ಲಿ ಆ ದೋಷ ಕಾಣದಿದ್ದರೆ ಲೈಟ್ ತಾನಾಗೇ ಆರುತ್ತದೆ. ಕೋಡ್ ಒಳಗೆ ಇನ್ನೂ ಇರುತ್ತದೆ, ಎಂಜಿನ್ ಸುಮಾರು 40 ಸಲ ಬಿಸಿಯಾಗಿ ಆರಿದ ಮೇಲೆ ಅದೂ ಹೋಗುತ್ತದೆ.

ಅಳಿಸುವಾಗ ಕಳೆದುಹೋಗುವ ದಾಖಲೆ

ಲೈಟ್ ಹತ್ತಿದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಲೋಡ್ ಎಷ್ಟಿತ್ತು, ಇಂಧನದ ಅಳತೆ ಹೆಚ್ಚಿತ್ತೋ ಕಡಿಮೆ ಇತ್ತೋ ಎಂಬುದನ್ನು ಕಂಪ್ಯೂಟರ್ ಫೋಟೋ ಹೊಡೆದಂತೆ ಇಟ್ಟುಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ‘ಮಳೆ ಬಂದಾಗ ಮಾತ್ರ ಬರ್ತದ’, ‘ಬೆಳಿಗ್ಗೆ ತಣ್ಣಗಿದ್ದಾಗ ಬರ್ತದ’ ಅನ್ನುವ ಒಗಟು ಬಿಡಿಸಲು ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಅಳಿಸುವ ಬಟನ್ ಒತ್ತಿದರೆ ಕೋಡ್ ಜೊತೆ ಇದೂ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆರಿಸುವವರೂ ಬಹಳಷ್ಟು ಗಾಡಿಗಳಲ್ಲಿ ಇದೇ ಸಾಕ್ಷಿ ಕಳೆದುಕೊಳ್ಳುತ್ತಾರೆ.

ಹೀಗಾಗಿ ಗ್ಯಾರೇಜಿನಲ್ಲಿ ಮೊದಲ ಮಾತು ‘ಅಳಿಸ್ರಿ’ ಅಂತ ಇರಬಾರದು. ‘ಮೊದಲು ಸ್ಕ್ರೀನಿನ ಫೋಟೋ ತಗೊಂತೀನಿ’ ಅಂತ ಇರಬೇಕು. ಸ್ಟೇರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇರುತ್ತದೆ. ಅದಕ್ಕೆ ಹಾಕುವ ಪುಟ್ಟ ಬ್ಲೂಟೂತ್ ರೀಡರ್ ಸಾವಿರ ರೂಪಾಯಿಯೊಳಗೇ ಸಿಗುತ್ತದೆ, ಮೊಬೈಲಿನಲ್ಲೇ ಕೋಡ್ ಓದಬಹುದು. ಅಗ್ಗದ ರೀಡರ್ ಎಲ್ಲವನ್ನೂ ತೋರಿಸುವುದಿಲ್ಲ ನಿಜ, ಆದರೆ ಕೋಡ್ ನಂಬರ್ ಕೈಯಲ್ಲಿದ್ದರೆ ಮಾತಾಡುವ ಧೈರ್ಯ ಬರುತ್ತದೆ.

ಕೋಡ್ ಓದುವಾಗಲೂ ಒಂದು ಎಚ್ಚರ. ಕೋಡ್ ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳೋದಿಲ್ಲ, ಯಾವ ಪರೀಕ್ಷೆಯಲ್ಲಿ ಫೇಲ್ ಆಯಿತು ಅಂತ ಹೇಳುತ್ತದೆ. ಪಿ0171 ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಎಂದರ್ಥ. ಅದಕ್ಕೆ ಒಡೆದ ರಬ್ಬರ್ ಪೈಪ್ ಇರಬಹುದು, ಕೊಳೆಯಾದ ಗಾಳಿ ಸೆನ್ಸರ್ ಇರಬಹುದು, ಪೆಟ್ರೋಲ್ ಪಂಪಿನ ಒತ್ತಡ ಇಳಿದಿರಬಹುದು. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ಬಿಲ್ ಬರುತ್ತದೆ, ಲೈಟೂ ಬರುತ್ತದೆ. ಪಿ0420 ಇನ್ನೂ ದುಬಾರಿ ಬಲೆ. ಅದು ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುತ್ತದೆ. ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಬೆಲೆ ಹೆಚ್ಚು. ಹಾಗಂತ ಅದನ್ನೇ ಬದಲಿಸುವ ಮೊದಲು ಹೊಗೆ ಪೈಪ್ ಎಲ್ಲಾದರೂ ಸೋರುತ್ತಿದೆಯೇ, ಎಂಜಿನ್ ಎಣ್ಣೆ ತಿನ್ನುತ್ತಿದೆಯೇ, ಮಿಸ್‌ಫೈರ್ ಇದೆಯೇ ನೋಡಿಸಬೇಕು. ಮೂಲ ಕಾರಣ ಹಾಗೇ ಬಿಟ್ಟರೆ ಹೊಸ ಕನ್ವರ್ಟರೂ ಕೆಡುತ್ತದೆ.

ಯೂಟ್ಯೂಬ್ ನೋಡಿದವರು ‘ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ’ ಅಂತಾರೆ. ಅದು ಅಮೆರಿಕದ ಕಾರುಗಳ ಮಾತು. ಮುಚ್ಚಳದಿಂದ ಆವಿ ಸೋರುವುದನ್ನು ಪತ್ತೆ ಹಚ್ಚುವ ಪರೀಕ್ಷೆ ಇಲ್ಲಿಯ ಎಲ್ಲ ಗಾಡಿಗಳಲ್ಲಿ ಇರುವುದಿಲ್ಲ. ಬಿಗಿ ಮಾಡಿ, ತಪ್ಪೇನಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ನಮ್ಮ ಕಡೆ ಹೆಚ್ಚು ನೋಡಬೇಕಾದ್ದು ಇಲಿ. ಗೋದಾಮು, ಕಣ, ಕಾಳಿನ ಚೀಲದ ಪಕ್ಕ ನಿಲ್ಲುವ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಮೆಣಸಿನಕಾಯಿ ಊರು ಅಂತ ಅದೇನು ಹೆದರಿದಂತೆ ಕಾಣುವುದಿಲ್ಲ! ಅರ್ಧ ಕಡಿದ ವೈರ್ ಗಾಡಿ ಕುಲುಕಿದಾಗ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಲೈಟೂ ಹಾಗೇ ಬಂದು ಹೋಗುತ್ತದೆ. ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ನೀರು ಸೇರಿದರೂ ಇದೇ ಆಟ. ಧೂಳು ಕಟ್ಟಿದ ಏರ್ ಫಿಲ್ಟರ್, ಹೊರಗಿನಿಂದ ಕೂರಿಸಿದ ಸಿಎನ್‌ಜಿ ಕಿಟ್‌ನ ಸೆಟ್ಟಿಂಗ್ ಕೂಡ ಲೆಕ್ಕಕ್ಕೆ ಬರುತ್ತವೆ.

ಡೀಸೆಲ್ ಗಾಡಿಗೆ ಊರೊಳಗಿನ ಓಟವೇ ಕಾಯಿಲೆ

ಬಿಎಸ್-6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅನ್ನುವ ಮಸಿ ಸೋಸುವ ಫಿಲ್ಟರ್ ಇದೆ. ಮಸಿ ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿವರೆಗೆ ಏರಿಸಿ ಮಸಿ ಸುಡುತ್ತದೆ. ಇದಕ್ಕೆ ನಿಲ್ಲದ ಓಟ ಬೇಕು. ಕದರಮಂಡಲಗಿಯಿಂದ ಬ್ಯಾಡಗಿ ಮಾರುಕಟ್ಟೆಗೆ ಹೋಗಿ, ಗಾಡಿ ಬಂದ್ ಮಾಡಿ, ಮತ್ತೆ ವಾಪಸ್ ಬರುವವರ ಗಾಡಿಯಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ದಿನವೂ ಹೀಗಾದರೆ ಮಸಿ ಏರುತ್ತಲೇ ಹೋಗುತ್ತದೆ. ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ಮಟ್ಟ ಏರುವುದೂ ಉಂಟು. ಡಿಪ್ ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಹೆಚ್ಚಾಗಿದ್ದರೆ ಖುಷಿ ಪಡಬೇಡಿ.

ಬರೀ ಡಿಪಿಎಫ್ ಗುರುತು ಬಂದಿದ್ದರೆ ಉಪಾಯ ಸರಳ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿ ಹಾವೇರಿ ಕಡೆಗೋ ರಾಣೆಬೆನ್ನೂರ ಕಡೆಗೋ 20 ನಿಮಿಷ ಒಂದೇ ಸಮ ಓಡಿಸಿ. ಗೇರ್ ಒಂದು ಕಡಿಮೆ ಇರಲಿ, ಎಂಜಿನ್ 2000 ಸುತ್ತಿನ ಮೇಲಿರಲಿ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇದರ ವಿಧಾನ ಬರೆದಿರುತ್ತದೆ, ಅದೇ ಅಂತಿಮ. ಡಿಪಿಎಫ್ ಗುರುತಿನ ಜೊತೆ ಚೆಕ್ ಎಂಜಿನ್ ಲೈಟೂ ಹತ್ತಿ ಪಿಕಪ್ ಬಿದ್ದಿದ್ದರೆ ಈ ಉಪಾಯದ ಕಾಲ ಮುಗಿದಿದೆ, ಸೀದಾ ಗ್ಯಾರೇಜು. ಫಿಲ್ಟರ್ ತೆಗೆದು ಬರೀ ಪೈಪ್ ಹಾಕಿಸುವುದು ಕಾನೂನುಬಾಹಿರ, ವಾರಂಟಿಗೂ ಕುತ್ತು. ಮಸಿ ಸುಡುವ ಹೊತ್ತಿನಲ್ಲಿ ಗಾಡಿಯ ಕೆಳಭಾಗ ಕೆಂಡದಂತಿರುತ್ತದೆ. ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹೊಟ್ಟು, ಒಣ ಸೊಪ್ಪಿನ ಮೇಲೆ ನಿಲ್ಲಿಸಲೇಬೇಡಿ.

ಯಾವಾಗ ನಿಲ್ಲಿಸಬೇಕು?

ಲೈಟ್ ಹಳದಿಯಾಗಿ ಸುಮ್ಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನಕ್ಕೆ ಊರು ಸೇರಬಹುದು, ಆ ವಾರದೊಳಗೆ ತೋರಿಸಬೇಕು. ಅದೇ ಲೈಟ್ ಮಿಣುಕುತ್ತಿದ್ದರೆ, ಎಂಜಿನ್ ನಡುಗುತ್ತಿದ್ದರೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತಿರುತ್ತದೆ. ಕೆಂಪು ಎಣ್ಣೆ ಡಬ್ಬಿ ಗುರುತು ಅಥವಾ ಟೆಂಪರೇಚರ್ ಗುರುತು ಬಂದರೆ ಆ ಕ್ಷಣವೇ ಎಂಜಿನ್ ಬಂದ್. ಅದು ಬೇರೆ ಲೈಟ್, ಬೇರೆ ಅಪಾಯ.

‘ಎಮಿಷನ್ ಟೆಸ್ಟ್ ಪಾಸಾಗೇತಿ, ಲೈಟ್ ಸುಳ್ಳು’ ಅನ್ನೋದೂ ಸರಿಯಲ್ಲ. ಆ ಟೆಸ್ಟ್‌ನಲ್ಲಿ ನಿಂತ ಗಾಡಿಯ ಹೊಗೆ ಅಳೆಯುತ್ತಾರೆ. ಕಂಪ್ಯೂಟರ್ ಓಡುವ ಗಾಡಿಯನ್ನು ನೋಡುತ್ತದೆ.

ಅಂಗಡಿಯವರಿಗೆ ಖಾತೆ ಬರೆಯೋದು ಹೇಳಿಕೊಡಬೇಕಾಗಿಲ್ಲ. ಗಾಡಿಗೂ ಒಂದು ಪುಟ ಇರಲಿ: ಲೈಟ್ ಬಂದ ದಿನ, ಕಿಲೋಮೀಟರ್, ಮಳೆಯೋ ಬಿಸಿಲೋ, ಇಂಧನ ತುಂಬಿಸಿದ ಮೇಲೆ ಬಂತೋ. ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ ಕೋಡ್ ನಂಬರ್ ಬರೆಸಿ, ಬದಲಿಸಿದ ಹಳೇ ಪಾರ್ಟ್ ಕೇಳಿ ಪಡೆಯಿರಿ. ಅದೇ ಕೋಡ್ ಮತ್ತೆ ಬಂದರೆ ಈ ಬಿಲ್ಲೇ ಮಾತಾಡುತ್ತದೆ. ವ್ಯವಹಾರ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಇದೇ ವಿದ್ಯೆ ಬೇಕು. ಮಾರುವ ದಿನ ಬೆಳಿಗ್ಗೆ ಲೈಟ್ ಅಳಿಸಿ ನಿಲ್ಲಿಸಿದ ಗಾಡಿಯ ಮೀಟರ್ ಬೋರ್ಡ್ ಚೊಕ್ಕಟವಾಗೇ ಕಾಣುತ್ತದೆ. ಆದರೆ ಸ್ಕ್ಯಾನರ್ ಹಚ್ಚಿದರೆ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತದೆ. ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಬಹಳಷ್ಟು ಗಾಡಿಗಳಲ್ಲಿ ಸಿಗುತ್ತದೆ. ಅಲ್ಲಿ ಬರೀ 8 ಅಥವಾ 10 ಕಿಲೋಮೀಟರ್ ಅಂತಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಎರಡು ದಿನ ಓಡಿಸಿ ನೋಡಲು ಗಾಡಿ ಕೇಳಿ.