ಹುಳಕ್ಕೆ ಬಂದ ಜ್ವರವೂ ಶಾಲೆಯ ಬ್ಲಾಗೂ

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ಹರಾಜೇ ಕಂಪ್ಯೂಟರಿಗೆ ಬಂದಿದೆ. ಹಾಗಿರುವಾಗ ಶಾಲೆಯ ಪಾಠ ಮೊಬೈಲಿಗೆ ಬಂತೆಂದು ನಾವು ಅಜ್ಜ ಅಜ್ಜಿಯರು ಹುಬ್ಬೇರಿಸುವುದೇಕೆ? ಮೊಮ್ಮಕ್ಕಳು ‘ಬ್ಲಾಗ್’ ಅಂದ ಕೂಡಲೇ ಅದು ನಮ್ಮದಲ್ಲವೆಂದು ಎದ್ದು ಹೋಗಬೇಡಿ. ನಮ್ಮ ಕಾಲದ ಶಾಲೆಗಳಲ್ಲಿ ಗೋಡೆ ಪತ್ರಿಕೆ ಇರುತ್ತಿತ್ತಲ್ಲ? ಹಾಳೆಯಲ್ಲಿ ಕಥೆ ಬರೆದು, ಪಕ್ಕದಲ್ಲೊಂದು ಚಿತ್ರ ಬಿಡಿಸಿ, ಮೈದಾ ಗಂಜಿಯಲ್ಲಿ ಅಂಟಿಸುವುದು. ಬ್ಲಾಗ್ ಕೂಡ ಅಂಥದ್ದೇ. ಹೊಸ ಬರಹ ಮೇಲೆ ಬಂದು ಕೂರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ. ಮಳೆಗೆ ನೆನೆಯುವುದಿಲ್ಲ, ಆಡು ತಿನ್ನುವುದಿಲ್ಲ. ಮಾಗಡಿಯ ಮಕ್ಕಳು ಹಾಕಿದ್ದನ್ನು ಕನಕಪುರದ ಮಕ್ಕಳು ಓದಿ, ಕೆಳಗೆ ಎರಡು ಸಾಲು ಸೇರಿಸಬಹುದು.

ಮಕ್ಕಳೇ, ನಿಮ್ಮ ಪಠ್ಯಪುಸ್ತಕದಲ್ಲಿ ಚೌಕದೊಳಗೆ ಕಪ್ಪು ಚುಕ್ಕಿಗಳ ಗುರುತೊಂದು ಇರುತ್ತದೆ. ಅದು ಕ್ಯೂಆರ್ ಕೋಡ್. ಮೊಬೈಲ್ ಹಿಡಿದರೆ 2017ರಲ್ಲಿ ಆರಂಭವಾದ ‘ದೀಕ್ಷಾ’ ತಾಣದ ಪಾಠ ತೆರೆದುಕೊಳ್ಳುತ್ತದೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯ ‘ಸಂವೇದ’ ಪಾಠಗಳೂ ಬಂದವು. ಎಲ್ಲವೂ ಒಳ್ಳೆಯವೇ. ಆದರೆ ಅಲ್ಲಿ ಮಗು ನೋಡುತ್ತದೆ, ಕೇಳುತ್ತದೆ, ಅಷ್ಟೆ. ತಾನೇ ಬರೆದು ಇನ್ನೊಬ್ಬರಿಗೆ ತೋರಿಸುವ ಸುಖ ಬೇರೆ.

ಆ ಸುಖವನ್ನು ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ಆಗಲೇ ಕಂಡಿದ್ದಾರೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣವನ್ನು ಕಟ್ಟಿದವು. ಶಿಕ್ಷಕರೇ ಅದರಲ್ಲಿ ಕನ್ನಡದಲ್ಲಿ ಪಾಠ ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು. ನಮ್ಮ ಕನ್ನಡ ವಿಕಿಪೀಡಿಯ 2003ರಿಂದ ನಡೆದುಕೊಂಡು ಬಂದಿರುವುದೂ ಇದೇ ಕ್ರಮದಲ್ಲಿ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಈ ವಿಕಿಯಲ್ಲಿ ಬಲು ಹಿಡಿಸಿದ್ದು ‘ಇತಿಹಾಸ’ ಎಂಬ ಗುಂಡಿ. ಲೆಡ್ಜರಿನಲ್ಲಿ ರಬ್ಬರ್ ಹಾಕಿ ಉಜ್ಜುವಂತಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಆ ಗುಂಡಿ ಒತ್ತಿದರೂ ಅಷ್ಟೇ: ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಬದಲಿಸಿದರು, ಎಲ್ಲ ಉಂಟು. ಬರೆದವನೊಬ್ಬ, ತಾಳೆ ನೋಡುವವನೊಬ್ಬ. ತರಗತಿಯಲ್ಲಿ ಮಕ್ಕಳಿಗೂ ಇದೇ ಪಾಳಿ ಹಂಚಿದರೆ ಕಾಗುಣಿತ ತಾನಾಗಿ ತಿದ್ದಿಕೊಳ್ಳುತ್ತದೆ.

ಇನ್ನು ಏನು ಬರೆಯುವುದು? ಗಾಂಧೀಜಿಯ ಬಗ್ಗೆ ಬರೆಯಿರಿ ಎಂದರೆ ಮಕ್ಕಳು ಎಲ್ಲಿಂದಲೋ ನಕಲು ಮಾಡಿ ಅಂಟಿಸುತ್ತಾರೆ. ನಕಲು ಮಾಡಲು ಎಲ್ಲೂ ಸಿಗದಂಥದ್ದನ್ನು ಕೇಳಬೇಕು. ರೇಷ್ಮೆ ಹುಳವನ್ನೇ ತೆಗೆದುಕೊಳ್ಳಿ. ಹುಳ ನಾಲ್ಕು ಬಾರಿ ಪೊರೆ ಕಳಚುತ್ತದೆ ಎನ್ನುತ್ತದೆ ಪುಸ್ತಕ. ಹುಳು ಮನೆಯಲ್ಲಿ ವರ್ಷಗಟ್ಟಲೆ ಸೊಪ್ಪು ಹಾಕಿದ ಅಜ್ಜಿ ಹಾಗೆನ್ನುವುದಿಲ್ಲ. ಹುಳ ‘ಜ್ವರಕ್ಕೆ ಕೂತಿದೆ’ ಅನ್ನುತ್ತಾಳೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಆಗ ಹುಳ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಕದಲದೆ ಕೂರುತ್ತದೆ. ಜ್ವರ ಬಂದ ಮನುಷ್ಯ ಊಟ ಬಿಟ್ಟು ಕೂರುವುದಿಲ್ಲವೇ? ಹೆಸರಿಟ್ಟವರು ಹುಳವನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ! ಕೊನೆಗೆ ಹುಳ ‘ಹಣ್ಣಾಗುತ್ತದೆ’, ಚಂದ್ರಿಕೆಗೆ ಹತ್ತುತ್ತದೆ, ಗೂಡು ಕಟ್ಟುತ್ತದೆ. ಈ ಮಾತುಗಳಲ್ಲಿ ಹೆಚ್ಚಿನವು ಅಜ್ಜಿಯ ಬಾಯಲ್ಲಿವೆ. ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಯಾವ ತಾಣದಲ್ಲಿ ಹುಡುಕುತ್ತೀರಿ?

ಚನ್ನಪಟ್ಟಣದಲ್ಲಾದರೆ ಹಾಲೆ ಮರವನ್ನು ಬೊಂಬೆಗೆ ಹದ ಮಾಡುವುದು ಹೇಗೆ, ತಿರುಗುವ ಮರಕ್ಕೆ ಅರಗು ಒತ್ತಿದರೆ ಬಣ್ಣ ಹಿಡಿಯುವುದೇಕೆ ಎಂದು ಕೇಳಿ. ಕನಕಪುರದ ಮಕ್ಕಳಿಗೆ ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುವ ಜಾಗವಿದೆ. ಮಾಗಡಿಯವರಿಗೆ ಕೆಂಪೇಗೌಡರ ಕೋಟೆ, ಸಾವನದುರ್ಗ.

ಅಜ್ಜಿಗೆ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯ ಮೈಕ್ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಸೀಮೆಯ ಮಾತನ್ನು ಒಮ್ಮೊಮ್ಮೆ ಏನೇನೋ ಮಾಡಿಬಿಡುತ್ತದೆ, ಅದನ್ನು ಮೊಮ್ಮಗ ಕೂತು ತಿದ್ದಲಿ. ಇದಕ್ಕಿಂತ ಒಳ್ಳೆಯ ಉಕ್ತಲೇಖನ ಬೇಕೆ? ಮನೆಯಲ್ಲಿ ಅಂಥ ಮೊಬೈಲ್ ಇಲ್ಲದ ಮಗು ಕಾಗದದಲ್ಲೇ ಬರೆದು ತರಲಿ. ತರಗತಿಗೆ ಒಂದು ಬ್ಲಾಗ್, ಅದರ ಕೀಲಿ ಮೇಷ್ಟ್ರ ಕೈಯಲ್ಲಿ. ಮಕ್ಕಳು ಒಬ್ಬೊಬ್ಬರೂ ಖಾತೆ ತೆರೆಯುವುದು ಬೇಡವೇ ಬೇಡ.

ಹೊರಗಿನವರು ಬರೆದ ಮಾತನ್ನು ಮೇಷ್ಟ್ರು ಮೊದಲು ಓದಿ, ಆಮೇಲೆ ಬಿಡಬೇಕು. ಮಗುವಿನ ಪೂರ್ತಿ ಹೆಸರು, ಮನೆ ವಿಳಾಸ, ಮುಖದ ಫೋಟೊ ಹಾಕಕೂಡದು. 18 ವರ್ಷದೊಳಗಿನವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಹೇಳುತ್ತದೆ. ಫೋಟೊ ಇಲ್ಲದೆ ಪುಟ ಬೋಳಾಗುತ್ತದೆ ಎನ್ನುವಿರಾದರೆ ಸದ್ದು ಹಾಕಿ. ನಾಲ್ಕನೇ ಜ್ವರ ಕಳೆದ ಹುಳ ತಿನ್ನುವಷ್ಟು ಸೊಪ್ಪನ್ನು ಅದಕ್ಕೆ ಮೊದಲು ಎಂದೂ ತಿಂದಿರುವುದಿಲ್ಲ. ರಾತ್ರಿ ಹುಳು ಮನೆಯ ಬಾಗಿಲಲ್ಲಿ ಮೊಬೈಲ್ ಹಿಡಿದು ಸುಮ್ಮನೆ ನಿಂತರೆ ಸಾಕು. ಸಾವಿರಾರು ಹುಳ ಒಟ್ಟಿಗೆ ಮೇಯುವ ಆ ಸದ್ದು ಹೆಂಚಿನ ಮೇಲೆ ಸೋನೆ ಮಳೆ ಬಿದ್ದಂತೆಯೇ ಕೇಳುತ್ತದೆ.