ಹಳೆಯ ಕಾರಿಗೆ ಯಾವ ದರ್ಜೆಯ ಇಂಜಿನ್ ಎಣ್ಣೆ?

ಬೆಂಗಳೂರಿನ ಲಾಲ್‌ಬಾಗಿನ ಬಳಿಯ ಸಿದ್ದಾಪುರ ನರ್ಸರಿಗಳಿಗೆ ಹೆಸರಾದ ಸ್ಥಳ. ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕಾರಿನಲ್ಲಿ ಅಲ್ಲಿಗೆ ಸಸಿ ಕೊಳ್ಳಲು ಬರುವ ಬೆಳೆಗಾರರು ನಗರದ ವಾಹನ ದಟ್ಟಣೆಯಲ್ಲಿ ನಿಂತು ನಿಂತು ಸಾಗಬೇಕಾಗುತ್ತದೆ. ಆಗ ಇಂಜಿನ್ ಕಾದು ಎಣ್ಣೆ ತೆಳುವಾಗುತ್ತದೆ. ಎಣ್ಣೆಯ ಪದರ ಹರಿದರೆ ಬೇರಿಂಗುಗಳು ಸವೆಯುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿರುವುದರಿಂದ ಇರುವ ಇಂಜಿನ್ನನ್ನು ಕಾಪಾಡಿಕೊಳ್ಳುವುದೇ ಲೇಸು.

ಡಬ್ಬಿಯ ಮೇಲಿನ ಅಂಕಿಗಳು

ಉದಾಹರಣೆಗೆ, ಡಬ್ಬಿಯ ಮೇಲೆ 20ಡಬ್ಲ್ಯು-40 ಎಂದಿರುತ್ತದೆ. ‘ಡಬ್ಲ್ಯು’ ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಬೆಂಗಳೂರಿನಲ್ಲಿ ಚಳಿಗಾಲದ ಮುಂಜಾವಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ಇರುವುದರಿಂದ 20ಡಬ್ಲ್ಯು ಸಾಕು. ಎರಡನೆಯ ಅಂಕಿ 100 ಡಿಗ್ರಿ ಕಾವಿನಲ್ಲಿ ಎಣ್ಣೆಗಿರುವ ಮಂದತೆಯನ್ನು ಸೂಚಿಸುತ್ತದೆ. 40ಕ್ಕಿಂತ 50 ಹೆಚ್ಚು ಮಂದ.

ಆಯ್ಕೆ ಹೇಗೆ?

1. ಕಾರಿನ ಕೈಪಿಡಿಯಲ್ಲಿ ಹೇಳಿರುವ ದರ್ಜೆಯೇ ಮೊದಲ ಆಯ್ಕೆ. ಕೈಪಿಡಿ ಸಿಗದಿದ್ದರೆ, ಸುಸ್ಥಿತಿಯಲ್ಲಿರುವ ಇಂತಹ ಹಳೆಯ ಪೆಟ್ರೋಲ್ ಇಂಜಿನ್ನಿಗೆ 20ಡಬ್ಲ್ಯು-40 ಸಾಮಾನ್ಯವಾಗಿ ಹೊಂದುತ್ತದೆ.

2. ಇಂಜಿನ್ ಸವೆದು, ಕಾದಾಗ ಎಣ್ಣೆಯ ಒತ್ತಡ ಇಳಿಯುತ್ತಿದ್ದರೆ 20ಡಬ್ಲ್ಯು-50 ಬಳಸಬಹುದು.

3. 0ಡಬ್ಲ್ಯು-20ರಂತಹ ತೆಳು ಎಣ್ಣೆಗಳು ಹೊಸ ಇಂಜಿನ್ನುಗಳಿಗಾಗಿ ಮಾಡಿದವು. ಬೆಲೆ ಹೆಚ್ಚೆಂದ ಮಾತ್ರಕ್ಕೆ ಅವನ್ನು ಹಳೆಯ ಇಂಜಿನ್ನಿಗೆ ಹಾಕಬಾರದು.

4. ಡಬ್ಬಿಯ ಮೇಲಿನ ಎ.ಪಿ.ಐ. ಗುರುತನ್ನೂ ನೋಡಬೇಕು. ‘ಎಸ್’ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಇಂಜಿನ್ನಿಗೆ, ‘ಸಿ’ಯಿಂದ ಆರಂಭವಾಗುವುದು ಡೀಸೆಲ್ ಇಂಜಿನ್ನಿಗೆ.

ಮಂದ ಎಣ್ಣೆ ಮದ್ದಲ್ಲ

ಹೊಗೆಕೊಳವೆಯಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಮಂದ ಎಣ್ಣೆ ಹಾಕಿದರೆ ಹೊಗೆ ಕೆಲಕಾಲ ತಗ್ಗೀತು, ಸವೆತ ಮಾತ್ರ ನಿಲ್ಲದು. ಇಂಜಿನ್ನಿಗೆ ಗೇರ್ ಎಣ್ಣೆಯನ್ನು ಎಂದಿಗೂ ಬೆರೆಸಬಾರದು. ಓಡಿಸುವಾಗ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಸ್ಥಳದಲ್ಲಿ ಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಬೇಕು. ಊರು ಮುಟ್ಟಿದ ಮೇಲೆ ನೋಡೋಣವೆಂದು ಮುಂದುವರಿದರೆ ಇಂಜಿನ್ ಹಿಡಿದುಕೊಳ್ಳಬಹುದು.

ನಿಗಾ ಇರಲಿ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್ ತೆಗೆದು ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು, ಮೇಲಿನ ಗುರುತನ್ನು ಮೀರಬಾರದು. ಎಣ್ಣೆಯೊಂದಿಗೆ ಫಿಲ್ಟರನ್ನೂ ಬದಲಿಸಬೇಕು. ಕಾರು ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು ಒಳ್ಳೆಯದು.

ತೆಗೆದ ಹಳೆಯ ಎಣ್ಣೆಯನ್ನು ಹೊಲಕ್ಕಾಗಲಿ ಬಾವಿಯ ಬಳಿಯಾಗಲಿ ಸುರಿಯಬಾರದು. ಅದು ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಅದನ್ನು ಸಂಗ್ರಹಿಸಿ ಮರುಶುದ್ಧೀಕರಣಕ್ಕೆ ಕಳಿಸುವವರಿಗೆ ಕೊಡಬೇಕು.